ಅಕ್ಕನಾಗಮ್ಮನ ತಿಕ್ಕುವ ಪುಡಿ

ಕುರುಗೋಡಿನಲ್ಲಿ ಅಕ್ಕನಾಗಮ್ಮನ ತಿಕ್ಕುವ ಪುಡಿಗೆ ಎಂಥ ಹೆಸರಿತ್ತೆಂದರೆ, ಹಬ್ಬ ಹತ್ತಿರವಾದಂತೆ ಓಣಿಯ ಹೆಂಗಸರು ಬಟ್ಟಲು ಹಿಡಿದು ಅವಳ ಬಾಗಿಲಿಗೆ ಬರುತ್ತಿದ್ದರು. ಎಪ್ಪತ್ತರ ದಶಕದ ಮಾತಿದು. ಪಾತ್ರೆ ತೊಳೆಯುವ ಪುಡಿಯ ಪೊಟ್ಟಣಗಳು ಬಳ್ಳಾರಿಯ ಅಂಗಡಿಗಳಿಗೆ ಆಗಷ್ಟೇ ಬರತೊಡಗಿದ್ದವು. ಅವನ್ನು ಕಂಡರೆ ಅಕ್ಕನಾಗಮ್ಮ ಮೂಗು ಮುರಿಯುತ್ತಿದ್ದಳು. ಮೈಗಳ್ಳರಿಗೆ ಮಾಡಿದ ಪುಡಿ ಅದು ಎಂದು ಅವಳ ತೀರ್ಪು.

ತನ್ನ ಪುಡಿಗೆ ಅವಳು ಸಿರುಗುಪ್ಪದ ಅಕ್ಕಿ ಗಿರಣಿಯಿಂದ ಬತ್ತದ ಹೊಟ್ಟಿನ ಬೂದಿ ತರಿಸುತ್ತಿದ್ದಳು. ಅದನ್ನು ತೆಳು ಬಟ್ಟೆಯಲ್ಲಿ ಸೋಸಿ, ಒಡೆದ ಇಟ್ಟಿಗೆಯನ್ನು ಒರಳಲ್ಲಿ ಕುಟ್ಟಿ ಬೆರೆಸಿ, ಹಿಂಡಿ ಒಣಗಿಸಿದ ಹುಣಸೆ ಚರಟವನ್ನು ಪುಡಿ ಮಾಡಿ ಸೇರಿಸುವಳು. ಬೇಡಿದವರಿಗೆ ಪುಡಿ ಕೊಟ್ಟಾಳು, ಅಳತೆಯ ಬಗ್ಗೆ ಮಾತ್ರ ಬಾಯಿ ಬಿಡಳು.

ಆ ಪುಡಿಯನ್ನು ಎಲ್ಲಕ್ಕಿಂತ ಹೆಚ್ಚು ಉಂಡದ್ದು ಒಂದು ಹಿತ್ತಾಳೆ ತಂಬಿಗೆ. ಮಗಳು ಚನ್ನವೀರಮ್ಮನ ಮದುವೆಗೆ ಬಳ್ಳಾರಿಯಲ್ಲಿ ಕೊಂಡದ್ದು. ಕುತ್ತಿಗೆಯ ಸುತ್ತ ಚುಕ್ಕಿ ಚುಕ್ಕಿಯಾಗಿ ಅವಳ ಹೆಸರು ಹೊಡೆಸಿದ್ದರು. ಸಿರುಗುಪ್ಪಕ್ಕೆ ಹೋದ ಮಗಳು ಹೆಣ್ಣು ಕೂಸನ್ನು ಹೆತ್ತು ಬಾಣಂತಿತನದಲ್ಲೇ ತೀರಿಕೊಂಡಳು. ಅಳಿಯ ಕೊಟ್ಟೂರಪ್ಪ ಸುವರ್ಣಮ್ಮನನ್ನು ಮದುವೆಯಾದಾಗ, ಸತ್ತವಳ ಪಾತ್ರೆ ಹೊಸ ಸೊಸೆ ಬಳಸಬಾರದೆಂದು ಎಲ್ಲವನ್ನೂ ತವರಿಗೆ ಮರಳಿಸಿದರು. ಚನ್ನವೀರಮ್ಮನದೊಂದು ಫೋಟೋ ಇರಲಿಲ್ಲ. ಅವಳ ಹೆಸರು ಈ ಲೋಕದಲ್ಲಿ ಉಳಿದಿದ್ದರೆ ಆ ತಂಬಿಗೆಯ ಮೇಲೆ. ಅಕ್ಕನಾಗಮ್ಮನಿಗೆ ಓದು ಬಾರದು. ಆದರೂ ಆ ಚುಕ್ಕಿಗಳ ಸಾಲನ್ನು ಬೆರಳಿನಿಂದ ಸವರಿದರೆ ಮಗಳ ಗಲ್ಲ ಸವರಿದಂತಾಗುತ್ತಿತ್ತು.

ಮೊಮ್ಮಗಳು ನೀಲಮ್ಮ ಬೇಸಿಗೆ ರಜೆಗೆ ಅಜ್ಜಿಯ ಮನೆಗೆ ಬರುತ್ತಿದ್ದಳು. ಅದಕ್ಕೊಂದು ಕರಾರಿತ್ತು. ಮೊದಲ ಸಲ ಕೂಸನ್ನು ಕರೆತಂದ ದಿನವೇ ಅಳಿಯ ತಲೆ ತಗ್ಗಿಸಿ ಹೇಳಿದ್ದ:

"ಅತ್ತೀ, ಹುಡುಗಿಗೆ ಸುವರ್ಣಾನೇ ಅವ್ವ. ಇನ್ನೊಂದು ಹೆಸರು ಆಕಿ ಕಿವಿಗೆ ಬೀಳಬಾರದ್ರಿ."

"ನನ್ನ ಬಾಯಿಂದ ಬರಾದಿಲ್ಲ ಬಿಡ್ರಿ," ಎಂದು ಅಕ್ಕನಾಗಮ್ಮ ಕೊರಳ ಲಿಂಗ ಮುಟ್ಟಿ ಮಾತು ಕೊಟ್ಟಿದ್ದಳು. ಸುವರ್ಣಮ್ಮನೇನು ಕೆಟ್ಟವಳಲ್ಲ. ಹುಡುಗಿಯ ತಲೆಗೆ ಎಣ್ಣೆ ಹಚ್ಚಿ, ನೀಟಾಗಿ ಜಡೆ ಹೆಣೆದು ಕಳಿಸುತ್ತಿದ್ದಳು. ಹೊಟ್ಟಿನ ಬೂದಿಯ ಚೀಲವನ್ನೂ ಮರೆಯದೆ ಕಟ್ಟಿಸುತ್ತಿದ್ದಳು. ಆ ಜಡೆ ನೋಡಿದಾಗಲೆಲ್ಲ ಮುದುಕಿಗೆ ಒಳ್ಳೆಯದೂ ಅನಿಸುತ್ತಿತ್ತು, ಹೊಟ್ಟೆಯೂ ಉರಿಯುತ್ತಿತ್ತು.

ಆದರೆ ಅವಳು ಒಂದು ಲೆಕ್ಕ ಹಾಕಿಕೊಂಡಿದ್ದಳು. ತನ್ನ ಬಾಯಿಂದ ಬರಬಾರದು, ಅಷ್ಟೇ ತಾನೆ? ಹುಡುಗಿ ಸಾಲಿಗೆ ಹೋಗಲಿ, ಅಕ್ಷರ ಕಲಿಯಲಿ, ತಂಬಿಗೆಯ ಮೇಲಿನದನ್ನು ತಾನೇ ಓದಿಕೊಳ್ಳಲಿ. ಹೆತ್ತವಳ ಹೆಸರು ಅವಳ ಬಾಯಲ್ಲಿ ಒಮ್ಮೆ ಬಂದರೆ ಸಾಕು. ಆ ದಿನಕ್ಕಾಗಿ ಅವಳು ತಂಬಿಗೆಯನ್ನು ದಿನ ಬೆಳಗಾದರೆ ತೆಂಗಿನ ನಾರಿಗೆ ಪುಡಿ ಹಚ್ಚಿ ತಿಕ್ಕಿದಳು. ಹೆಸರಿನ ಮೇಲೆ ಕಿಲುಬು ಕೂತೀತೆಂದು ಅಲ್ಲಿ ಇನ್ನೂ ಎರಡು ಸಲ ಹೆಚ್ಚಿಗೆ ತಿಕ್ಕಿದಳು.

ಆ ಬೇಸಿಗೆ ನೀಲಮ್ಮ ಬಸ್ಸಿಳಿದವಳೇ ದಾರಿಯುದ್ದಕ್ಕೂ ಅಂಗಡಿಗಳ ಹಲಗೆ ಓದುತ್ತ ಬಂದಳು. ಅಜ್ಜಿ ಕಾದಿದ್ದ ದಿನ ಬಂದಿತ್ತು. ಮರುದಿನ ಬೆಳಿಗ್ಗೆ ತಂಬಿಗೆಯನ್ನು ತಿಕ್ಕಿ, ತೊಳೆದು, ಸೆರಗಿನಿಂದ ಒರೆಸಿ ಹುಡುಗಿಯ ಕೈಗಿಟ್ಟಳು.

"ಕುತ್ತಿಗಿ ಮ್ಯಾಲೆ ಏನು ಬರದೈತಿ ಓದವ್ವ."

ನೀಲಮ್ಮ ತಂಬಿಗೆಯನ್ನು ಒಂದು ಸುತ್ತು ತಿರುಗಿಸಿದಳು. ಬಿಸಿಲಿಗೆ ಹಿಡಿದು ಇನ್ನೊಂದು ಸುತ್ತು ತಿರುಗಿಸಿದಳು.

"ಏನೂ ಇಲ್ಲಜ್ಜಿ. ನನ್ನ ಮಾರಿ ಕಾಣತೈತಿ."

ಅಕ್ಕನಾಗಮ್ಮ ಕಸಿದುಕೊಂಡು ಬೆರಳಾಡಿಸಿದಳು. ಈಚೆಗೆ ಅಲ್ಲಿ ಎಲ್ಲ ಬೆರಳಿಗೆ ನುಣ್ಣಗೆ ತಾಗುತ್ತಿದ್ದುದು ಅವಳಿಗೆ ಗೊತ್ತಿತ್ತು. ಬೂದಿ ಕಲಸಿ ಕಲಸಿ ತನ್ನ ಬೆರಳುಗಳೇ ಜಡ್ಡುಗಟ್ಟಿವೆ ಎಂದುಕೊಂಡಿದ್ದಳು. ಈಗ ಉಗುರಿನಿಂದ ಕೆರೆದಳು. ಚುಕ್ಕಿಯೊಂದೂ ಸಿಗಲಿಲ್ಲ. ಊರೆಲ್ಲ ಹೊಗಳಿದ ಪುಡಿ, ತನ್ನದೇ ಕೈ, ಮಗಳನ್ನು ದಿನವೂ ಇಷ್ಟಿಷ್ಟೇ ಒರೆಸಿ ಬಚ್ಚಲಿಗೆ ಹರಿಸಿತ್ತು.

ಏನು ಬರೆದಿತ್ತೆಂದು ಹುಡುಗಿ ಕೇಳಿತು. ಹೆಸರು ನಾಲಗೆಯ ತುದಿಗೆ ಬಂತು. ಲಿಂಗ ಮುಟ್ಟಿದ ಮಾತು ಅಡ್ಡ ಬಂತು. ಹುಡುಗಿ ಸಿರುಗುಪ್ಪದಲ್ಲಿ ಬಾಯಿಬಿಟ್ಟರೆ ಮತ್ತೆಂದೂ ಈ ಹೊಸ್ತಿಲು ತುಳಿಯಲಾರಳೆಂಬ ಹೆದರಿಕೆಯೂ ಬಂತು.

"ನಿಮ್ಮವ್ವನ ಹೆಸರಿತ್ತು," ಎಂದಷ್ಟೇ ಹೇಳಿದಳು.

"ಅಷ್ಟೇನಾ? ನಾ ಬರೀತೀನಿ ತಗಾ."

ಹುಡುಗಿ ಮೊಳೆ ಹುಡುಕಿ ತಂದಳು, ಹಿತ್ತಲಿನಿಂದ ಕಲ್ಲು ತಂದಳು. ಅಕ್ಕನಾಗಮ್ಮ ತಂಬಿಗೆ ಜಾರದಂತೆ ಮೊಳಕಾಲ ನಡುವೆ ಬಿಗಿಯಾಗಿ ಹಿಡಿದು ಕೊಟ್ಟಳು. ಅವಳಿಗೊಂದು ಹುಚ್ಚು ಆಸೆ: ಕರುಳಿಗೆ ತಿಳಿಯದೇ ಇರುತ್ತದೆಯೇ? ಯಾರೂ ಹೇಳದಿದ್ದರೂ ಕೈ ತಾನಾಗಿ ಬರೆದೀತು. ಮೊಳೆಯ ಒಂದೊಂದು ಪೆಟ್ಟಿಗೂ ಅವಳು ಉಸಿರು ಹಿಡಿದಳು. ಬರೆದು ಮುಗಿಸಿ ಹುಡುಗಿ ಅಕ್ಷರದ ಮೇಲೆ ಬೆರಳಿಟ್ಟು ಓದಿತು:

"ಸು...ವ...ರ್ಣ...ಮ್ಮ."

ಚಲೋ ಬರದೀನೇನಜ್ಜಿ ಎಂದು ಮುಖ ನೋಡಿತು. ಬಹಳ ಚಲೋ ಐತೆಂದು ಅಜ್ಜಿ ಜಡೆ ಸವರಿದಳು. ಕಣ್ಣಲ್ಲಿ ನೀರೇಕೆಂದು ಕೇಳಿದ್ದಕ್ಕೆ ಬೂದಿ ಬಿತ್ತು ಎಂದಳು.

ರಜೆ ಮುಗಿದು ಹುಡುಗಿ ಸಿರುಗುಪ್ಪಕ್ಕೆ ಹೋದ ಮೇಲೆ ಅಕ್ಕನಾಗಮ್ಮ ಎಂದಿನಂತೆ ಬಚ್ಚಲಲ್ಲಿ ಕುಳಿತು ನಾರಿಗೆ ಪುಡಿ ಹಚ್ಚಿದಳು. ತಂಬಿಗೆಯ ಹತ್ತಿರ ಒಯ್ದ ಕೈ ನಿಂತಿತು. ಸೊಟ್ಟಪಟ್ಟ ಅಕ್ಷರಗಳು, ಮೊಮ್ಮಗಳ ಕೈಬರಹ. ಅವಳು ನಾರನ್ನು ಪಕ್ಕಕ್ಕಿಟ್ಟು ಬರೀ ನೀರಲ್ಲಿ ತೊಳೆದು, ಮೆತ್ತನೆ ಬಟ್ಟೆಯಿಂದ ಒತ್ತಿದಳು. ಇಷ್ಟನ್ನೇ ಮಗಳ ಹೆಸರಿಗೂ ಮಾಡಬಹುದಿತ್ತಲ್ಲ ಎಂದು ಅತ್ತಳು. ಅಂದಿನಿಂದ ಆ ತಂಬಿಗೆಗೆ ಪುಡಿ ಮುಟ್ಟಲಿಲ್ಲ. ಹಿತ್ತಾಳೆ ಕಪ್ಪಿಟ್ಟಿತು, ಸುವರ್ಣಮ್ಮನ ಹೆಸರು ಮಾತ್ರ ಒಂದಕ್ಷರವೂ ಸವೆಯದೆ ಉಳಿಯಿತು.