ಕೆಳಗಿನಿಂದ ಮೇಲಕ್ಕೆ

ಕೆಂಪು ಮಸಿ ಯಾವುದನ್ನೂ ಮೇಲಿನಿಂದ ಓದುತ್ತಿರಲಿಲ್ಲ. ಅದು ಅವನ ಕಸುಬಿನ ಗುಟ್ಟು. ಮುದ್ರಣಾಲಯದಲ್ಲಿ ಇಪ್ಪತ್ತಾರು ವರ್ಷದಿಂದ ಕರಡು ತಿದ್ದುವ ಕೆಲಸ. ಪಠ್ಯಪುಸ್ತಕ, ಔಷಧಿಯ ಚೀಟಿ, ಮದುವೆ ಪತ್ರ, ಏನೇ ಬರಲಿ, ಹಾಳೆಯ ಕಟ್ಟಕಡೆಯ ಪದದ ಕೆಳಗೆ ಅಳತೆಪಟ್ಟಿ ಇಟ್ಟು, ಅಲ್ಲಿಂದ ಒಂದೊಂದೇ ಪದ ಹಿಂದಕ್ಕೆ, ಒಂದೊಂದೇ ಸಾಲು ಮೇಲಕ್ಕೆ ಹತ್ತುತ್ತಿದ್ದ. ಮೇಲಿನಿಂದ ಓದಿದರೆ ಅರ್ಥ ಅಡ್ಡ ಬರುತ್ತದೆ, ಕಣ್ಣು ಅರ್ಥದ ಹಿಂದೆ ಓಡಿಬಿಡುತ್ತದೆ, ತಪ್ಪು ತಪ್ಪಿಸಿಕೊಳ್ಳುತ್ತದೆ ಎಂಬುದು ಅವನ ವಾದ. ವಾದ ಸುಳ್ಳೇನಲ್ಲ. ಅವನ ಕೈ ದಾಟಿ ಹೋದ ಪುಸ್ತಕದಲ್ಲಿ ಒಂದು ಕೊಂಬು ಹೆಚ್ಚುಕಮ್ಮಿಯಾದದ್ದನ್ನು ಯಾರೂ ಕಂಡಿರಲಿಲ್ಲ. ಆದರೆ ಆ ಪುಸ್ತಕದಲ್ಲಿ ಏನಿತ್ತಪ್ಪಾ ಎಂದು ಕೇಳಿದರೆ ಮಾತ್ರ ಮಿಕಮಿಕ ನೋಡುತ್ತಿದ್ದ.

ಅಷ್ಟಕ್ಕೇ ನಿಂತಿದ್ದರೆ ಯಾರಪ್ಪನ ಗಂಟೂ ಹೋಗುತ್ತಿರಲಿಲ್ಲ. ಹೊಟ್ಟೆಪಾಡಿನ ವಿದ್ಯೆಯನ್ನು ಅವನು ಬೀದಿಗೆ ತಂದ. ಬಡಾವಣೆಯವರೆಲ್ಲ ಸೇರಿ ಫೋನಿನಲ್ಲಿ ಒಂದು ಗುಂಪು ಮಾಡಿಕೊಂಡಿದ್ದರು. ನೀರು ಬಂತಾ, ಕರೆಂಟು ಹೋಯ್ತಾ, ನಮ್ಮ ಬೆಕ್ಕು ಕಂಡಿರಾ, ಇಂಥವೇ ಮಾತು. 'ಕೆಂಪು ಮಸಿ' ಎಂಬುದು ಅವನು ಅಲ್ಲಿ ಇಟ್ಟುಕೊಂಡ ಹೆಸರು. ಕಡೆಕಡೆಗೆ ಸಿಟ್ಟು ಬಂದರೆ ಹೆಂಡತಿಯೂ ಹಾಗೇ ಕರೆಯತೊಡಗಿದ್ದಳು. ಬೆಕ್ಕು ಕಳೆದುಕೊಂಡವಳ ಗೋಳಿನಲ್ಲೂ ಒತ್ತಕ್ಷರ ಹುಡುಕಿದ ಪುಣ್ಯಾತ್ಮ ಇವನು! ಮೂರು ಜನ ಶಿಷ್ಯರೂ ಹುಟ್ಟಿಕೊಂಡರು. ಅವರಲ್ಲಿ ಮುಂದಾಳು ಒಬ್ಬ ನಿವೃತ್ತ ಗುಮಾಸ್ತ. ಕೆಳಗಿನಿಂದ ಮೇಲಕ್ಕೆ ಓದುವುದನ್ನು ಕೆಂಪು ಮಸಿ ಅವರಿಗೂ ಹೇಳಿಕೊಟ್ಟಿದ್ದ.

ಇವರೆಲ್ಲರ ಬಾಯಿಗೆ ಸಿಕ್ಕವನು ವೆಲ್ಡರ್. ಬೀದಿಯ ತುದಿಯಲ್ಲಿ ಗೇಟು, ಕಿಟಕಿ ಸರಳು ಮಾಡುವ ಅಂಗಡಿ; ಅವನೂ ಅವನ ತಮ್ಮನೂ ಇಬ್ಬರೇ. ಮಾತಾಡಿದ ಹಾಗೇ ಬರೆಯುವ ಮನುಷ್ಯ. ಒಮ್ಮೆ ಅಂಗಡಿಗೆ ನುಗ್ಗಿದ ಕಳ್ಳನ ವಿಷಯ ಬರೆಯುತ್ತಾ 'ಕಾಲಿಗೆ ಬುದ್ಧಿ ಕೊಟ್ಟ' ಅಂದುಬಿಟ್ಟ. ಕಾಲಿಗೆ ಬುದ್ಧಿ ಹೇಳುತ್ತಾರೆ, ಕೊಡುವುದಿಲ್ಲ ಎಂದು ಕೆಂಪು ಮಸಿ. 'ಓಡಿದ್ದು ಅವ್ನು, ನಿಮಗ್ಯಾಕೆ ಸುಸ್ತು?' ಎಂದು ವೆಲ್ಡರ್. ಬೀದಿಯೆಲ್ಲ ನಕ್ಕಿತು. ಕೆಂಪು ಮಸಿಗೆ ಮೈಯೆಲ್ಲ ಉರಿದುಹೋಯಿತು.

ಅಲ್ಲಿಂದ ಹತ್ತಿಕೊಂಡದ್ದು ಆರಲಿಲ್ಲ. ಅಕ್ಷರ ಬಾರದ ಕೈಯನ್ನು ಕಡಿದುಹಾಕಬೇಕು ಎಂದು ಇವನು. ನಿನ್ನ ಬಾಯಿಗೆ ನಾಲ್ಕು ಕಡೆ ಬೆಸುಗೆ ಹಾಕ್ತೀನಿ, ಆಮೇಲೆ ಪಾಠ ಹೇಳು ಎಂದು ಅವನು. ನಿನ್ನಂಥವನನ್ನು ಹೆತ್ತವರಿಗೆ ಮೊದಲು ಪಾಠ ಹೇಳಬೇಕಿತ್ತು ಎಂದು ಇವನು. ಬೀದಿಗೆ ಬಾ, ಹಲ್ಲು ಉದುರಿಸ್ತೀನಿ ಎಂದು ಅವನು. ಎದುರುಬದುರು ನಿಂತು ಒಂದು ದಿನವೂ ಮಾತಾಡಿದವರಲ್ಲ. ಕೆಂಪು ಮಸಿ ಆ ಅಂಗಡಿಯ ಮುಂದೆ ತಲೆ ತಗ್ಗಿಸಿ ಬಿರಬಿರನೆ ದಾಟಿಹೋಗುತ್ತಿದ್ದ. ಹೊಡೆದಾಡುವ ಧೈರ್ಯವೆಲ್ಲ ಹೆಬ್ಬೆರಳಿನಲ್ಲೇ ಇತ್ತು.

ಇನ್ನೊಂದು ಸಂಗತಿ ಹೇಳಿಬಿಡುತ್ತೇನೆ. ಹೋದ ವರ್ಷ ಆ ಗುಂಪಿನಲ್ಲಿ ಯಾರಿಗೆ ಯಾವ ರಕ್ತ ಎಂದು ಒಂದು ಪಟ್ಟಿ ಮಾಡಿದರು, ಆಪತ್ತಿಗೆ ಇರಲಿ ಅಂತ. ತಪ್ಪಿಲ್ಲದಂತೆ ತಿದ್ದಿ ಹಾಕಿದವನು ಕೆಂಪು ಮಸಿಯೇ. ಓ ನೆಗೆಟಿವ್ ಎಂಬ ಅಪರೂಪದ ರಕ್ತದ ಎದುರು ಇದ್ದದ್ದು ಎರಡೇ ಹೆಸರು. ಒಂದು ಅವನದು, ಇನ್ನೊಂದು ವೆಲ್ಡರನ ತಮ್ಮನದು.

ಮಂಗಳವಾರ ಬೆಳಿಗ್ಗೆ, ಒಂದು ಗೋದಾಮಿಗೆ ಗೇಟು ಕೂರಿಸುತ್ತಿದ್ದಾಗ, ಕಬ್ಬಿಣದ ಆ ಗೇಟು ವಾಲಿ ತಮ್ಮನ ತೊಡೆಯ ಮೇಲೆ ಬಿತ್ತು. ಎಲುಬು ಪುಡಿಯಾಗಿ ರಕ್ತನಾಳ ಹರಿಯಿತು. ಆಸ್ಪತ್ರೆಯಲ್ಲಿ ಆ ರಕ್ತ ಒಂದೇ ಚೀಲ ಇತ್ತು. ಇನ್ನೂ ಒಂದು ಬೇಕು, ಹೊರಗಿನಿಂದ ತರಿಸಿದರೆ ಸಂಜೆಯಾಗುತ್ತದೆ, ಇನ್ನೆರಡು ಗಂಟೆಯ ಒಳಗೆ ಕೊಡುವವರನ್ನು ಕರೆತನ್ನಿ ಎಂದರು ಡಾಕ್ಟರು. ವೆಲ್ಡರ್ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು, ತಮ್ಮನ ರಕ್ತ ಮೆತ್ತಿದ ಬೆರಳಿನಲ್ಲೇ ಹೀಗೆ ಬರೆದ:

'ಕೆಂಪು ಮಸಿ ಅಣ್ಣಾ ಹಳೇದೆಲ್ಲ ಮರ್ತುಬಿಡಿ. ನನ್ ತಮ್ಮನ ಮೇಲೆ ಗೇಟು ಬಿತ್ತು. ನಿಮ್ ರಕ್ತಾನೇ ಬೇಕಂತೆ ಬೇರೆ ಯಾರದ್ದೂ ಆಗಲ್ಲ. ದೊಡ್ಡಾಸ್ಪತ್ರೆಗೆ ಬನ್ನಿ. ತಡ ಮಾಡ್ಬೇಡಿ. ಜೀವ ಕೈಯಲ್ಲಿ ಇಟ್ಕೊಂಡು ಕೂತಿದೀವಿ. ಕೈ ಮುಗಿತಿನಿ.'

ನೀವೂ ನಾನೂ ಮೇಲಿನಿಂದ ಓದಿದೆವು. ಕೆಂಪು ಮಸಿ ಚಹಾದ ಲೋಟ ಕೈಯಲ್ಲಿ ಹಿಡಿದು ಕೆಳಗಿನಿಂದ ಶುರು ಮಾಡಿದ. 'ಮುಗಿತಿನಿ' ತಪ್ಪು. 'ಕೂತಿದೀವಿ' ತಪ್ಪು. 'ಇಟ್ಕೊಂಡು' ಅಂತೂ ಮಹಾ ತಪ್ಪು! ಎರಡು ಸಾಲಿಗೇ ಹೊಟ್ಟೆ ತುಂಬಿಹೋಯಿತು. ಮೇಲಕ್ಕೆ ಹತ್ತುವ ಗೋಜಿಗೇ ಹೋಗಲಿಲ್ಲ. ನೀರಿನ ಟ್ಯಾಂಕರಿಗೋ ಇನ್ನೇತಕ್ಕೋ ಎಂದಿನಂತೆ ಬಾಯಿ ಬಡಿದುಕೊಂಡಿದ್ದಾನೆ ಎಂದುಕೊಂಡು ಬರೆದ: 'ಜೀವವನ್ನು ಕೈಯಲ್ಲಿ ಹಿಡಿದುಕೊಳ್ಳುತ್ತಾರೆ, ಇಟ್ಟುಕೊಳ್ಳುವುದಿಲ್ಲ. ಎರಡು ಸಾಲಿಗೆ ಮೂರು ತಪ್ಪು. ನೀನು ಪಾಸಾಗುವುದಿಲ್ಲ.' ಫೋನಿನ ಸದ್ದು ಅಡಗಿಸಿ, ಮೇಜಿನ ಖಾನೆಗೆ ಹಾಕಿ ಕೆಲಸಕ್ಕೆ ಕೂತ.

ಕೆಳಗೆ ಶಿಷ್ಯರು ಮುಗಿಬಿದ್ದರು. ಇಟ್ಟುಕೊಳ್ಳುವುದೂ ಸರಿಯೇ ಎಂದು ಒಬ್ಬ, ಯಾವ ನಿಘಂಟಿನಲ್ಲಿದೆ ತೋರಿಸು ಎಂದು ಇನ್ನೊಬ್ಬ, ನಿನ್ನ ಮುಖಕ್ಕೆ ನಿಘಂಟು ಎಸೆಯಬೇಕು ಎಂದು ಗುಮಾಸ್ತ. ವೆಲ್ಡರ್ ಕರೆ ಮಾಡಿದರೆ ಎತ್ತುವವರಿಲ್ಲ; ನಡುವೆ ಮೂರು ಸಲ 'ಅಣ್ಣಾ ಬನ್ನಿ' ಎಂದು ಬರೆದ. ಆ ಕಚ್ಚಾಟದಲ್ಲಿ ಅದು ಎಲ್ಲಿ ಮುಳುಗಿತೋ. ಬೆಕ್ಕು ಕಳೆದುಕೊಂಡ ಹೆಂಗಸು ಒಬ್ಬಳೇ, 'ಅಯ್ಯೋ ಮೊದಲ್ನೇ ಸಾಲು ಓದ್ರಪ್ಪಾ' ಎಂದು ಬರೆದಳು. ಅವಳ 'ಮೊದಲ್ನೇ'ಯನ್ನೂ ತಿದ್ದಿದರು.

ಹನ್ನೆರಡೂವರೆಗೆ ವೆಲ್ಡರ್ ಮುದ್ರಣಾಲಯಕ್ಕೆ ನುಗ್ಗಿದ. ಬೀದಿಯಲ್ಲಿ ಹತ್ತು ಜನರನ್ನು ಕೇಳಿ, ಕಡೆಗೆ ಬೆಕ್ಕಿನ ಹೆಂಗಸಿನಿಂದ ವಿಳಾಸ ಪಡೆದಿದ್ದ. ಯಂತ್ರಗಳ ಸದ್ದಿನಲ್ಲಿ ಅವನು ಬಂದದ್ದು ಯಾರಿಗೂ ಕೇಳಲಿಲ್ಲ. ಕರಡು ಕೋಣೆಯ ಬಾಗಿಲು ಗೋಡೆಗೆ ಬಡಿದಾಗ ಕೆಂಪು ಮಸಿ ತಲೆ ಎತ್ತಿದ.

"ನೀನೇನೋ ಕೆಂಪು ಮಸಿ?"

"ಹೌದು, ನೀವು..."

ಏಟು ಮೂಗಿನ ಮೇಲೇ ಬಿತ್ತು. ಒಳಗೆ ಏನೋ ಲಟಕ್ಕೆಂದಿತು. ಕನ್ನಡಕ ಎರಡು ಹೋಳಾಗಿ, ರಕ್ತ ಕರಡಿನ ಮೇಲೆ ಸುರಿಯಿತು. ಎರಡನೆಯ ಏಟಿಗೆ ಕುರ್ಚಿಸಮೇತ ಹಿಂದಕ್ಕೆ ಉರುಳಿದ; ಕಪಾಟಿನ ಅಂಚು ತಲೆಯ ಹಿಂಭಾಗ ಸೀಳಿತು. ವೆಲ್ಡರ್ ಅವನ ಎದೆಯ ಮೇಲೆ ಮಂಡಿಯೂರಿದ.

"ಪಾಸಾಗಲ್ವೇನೋ ನಾನು? ಪಾಸಾಗಲ್ವೇನೋ?"

ಒಂದೊಂದು ಮಾತಿಗೆ ಒಂದೊಂದು ಗುದ್ದು. ಯಂತ್ರ ನಡೆಸುವವನು ಓಡಿಬಂದು ವೆಲ್ಡರನ ಸೊಂಟ ಹಿಡಿದ. ಮೊಣಕೈ ಏಟಿಗೆ ಅವನ ಹಲ್ಲು ಮುರಿಯಿತು. ಕೆಂಪು ಮಸಿಗೆ ಜೀವ ಬಾಯಿಗೆ ಬಂದಿತ್ತು. ಇದು ಹಳೆಯ ಜಗಳವೇ, ಹೇಳಿದಂತೆ ಹಲ್ಲು ಉದುರಿಸಲು ಬಂದಿದ್ದಾನೆ, ಇವತ್ತು ನನ್ನನ್ನು ಕೊಂದೇ ಹೋಗುತ್ತಾನೆ ಎಂದುಕೊಂಡ. ತಡಕಾಡಿದ ಕೈಗೆ ಚೀಟಿ ಚುಚ್ಚಿಡುವ ಕಂಬಿ ಸಿಕ್ಕಿತು. ಕಣ್ಣು ಮುಚ್ಚಿ ಬೀಸಿದ. ಅದು ವೆಲ್ಡರನ ಬಲಗೈ ಅಂಗೈಯ ಈ ಕಡೆ ಹೊಕ್ಕು ಆ ಕಡೆ ಹೊರಬಂತು.

ವೆಲ್ಡರ್ ಹಲ್ಲು ಕಚ್ಚಿ ಕಂಬಿಯನ್ನು ಕಿತ್ತೆಸೆದು, ಎಡಗೈಯಲ್ಲಿ ಅವನ ಕೊರಳಪಟ್ಟಿ ಹಿಡಿದು, ಯಂತ್ರಗಳ ನಡುವೆ ದರದರನೆ ಎಳೆದುಕೊಂಡು ಹೋದ. ಕಬ್ಬಿಣದ ಸರಳುಗಳಿದ್ದ ಟೆಂಪೋ ಹೊರಗೆ ನಿಂತಿತ್ತು. ಒಳಗೆ ತಳ್ಳಿ, ಗಾಡಿ ಹೊರಡಿಸಿ, ತನ್ನ ಫೋನನ್ನು ಅವನ ಮುಖಕ್ಕೆ ಎಸೆದ.

"ಓದು. ಮೇಲಿಂದ ಓದು."

ಕನ್ನಡಕವಿಲ್ಲದೆ ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು ಓದಿದ. ಅಣ್ಣಾ ಎಂದಿತ್ತು. ತಮ್ಮನ ಮೇಲೆ ಗೇಟು ಬಿತ್ತು ಎಂದಿತ್ತು. ನಿಮ್ಮ ರಕ್ತವೇ ಬೇಕು ಎಂದಿತ್ತು. ಅದರ ಕೆಳಗೆ ತಾನೇ ಕೈಯಾರೆ ಬರೆದ ಉತ್ತರ.

"ನಾನು... ಮೇಲಿನ ಸಾಲು ನೋಡ್ಲೇ ಇಲ್ಲಪ್ಪಾ."

"ಉತ್ತರ ಕೊಟ್ಟಿದ್ದೀಯಲ್ಲೋ ಪಾಪಿ!"

"ನಾನು ಕೆಳಗಿಂದ ಓದೋದು. ನನ್ನ ಕೆಲಸಾನೇ ಹಾಗೆ. ಎರಡೇ ಸಾಲು ಓದಿ ನಿಲ್ಲಿಸಿಬಿಟ್ಟೆ."

ಇಂಥ ಮಾತನ್ನು ಯಾರು ತಾನೇ ನಂಬುತ್ತಾರೆ? ವೆಲ್ಡರ್ ಒಂದು ಕೈಯಲ್ಲಿ ಗಾಡಿ ನಡೆಸುತ್ತಲೇ ಇನ್ನೊಂದು ಕೈಯಿಂದ ಅವನ ದವಡೆಗೆ ಬಾರಿಸಿದ. ಕೆಂಪು ಮಸಿ ತಡೆಯಲಿಲ್ಲ. "ಬೇಗ ಓಡ್ಸು," ಎಂದ, "ಬೇಗ ಓಡ್ಸಪ್ಪಾ." ಮೂಗಿನಿಂದ ಇಳಿಯುತ್ತಿದ್ದ ರಕ್ತವನ್ನು ನೋಡಿ ದಿಗಿಲಾಯಿತು. ತಲೆ ಹಿಂದಕ್ಕೆ ಚಾಚಿ, ಅಂಗಿಯ ಚುಂಗನ್ನು ಮೂಗಿಗೆ ತುರುಕಿ, ಗಂಟಲಿಗೆ ಬಂದದ್ದನ್ನೆಲ್ಲ ನುಂಗತೊಡಗಿದ. ಹೊರಗೆ ಚೆಲ್ಲದೆ ಒಳಗೇ ಇಟ್ಟುಕೊಂಡರೆ ಉಳಿದೀತು ಎಂಬ ಪೆದ್ದು ಲೆಕ್ಕ. ಅವನು ಮನಸಾರೆ ಏನನ್ನಾದರೂ ಬೇಡಿಕೊಂಡದ್ದು ಬಹಳ ವರ್ಷಗಳ ಮೇಲೆ ಅದೇ ಮೊದಲು.

ರಕ್ತ ತೆಗೆಯುವ ಕೋಣೆಯ ನರ್ಸಮ್ಮ ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿದಳು.

"ಇವರಾ ರಕ್ತ ಕೊಡೋರು?"

"ಹೌದು, ನಾನೇ," ಎಂದ ಕೆಂಪು ಮಸಿ, "ಮೆಟ್ಟಿಲಿಂದ ಜಾರಿಬಿದ್ದೆ, ಏನೂ ಆಗಿಲ್ಲ. ತಗೊಳ್ಳಿ."

ತೋಳು ಚಾಚಿದ. ಅವಳು ಪಟ್ಟಿ ಸುತ್ತಿ ರಕ್ತದೊತ್ತಡ ನೋಡಿದಳು, ತಲೆಯ ಹಿಂದೆ ಕೈಯಿಟ್ಟು ನೋಡಿದಳು. ಅವಳ ಕೈಗವಸು ಕೆಂಪಾಯಿತು.

"ತಲೆ ಒಡೆದಿದೆ. ಒತ್ತಡ ನೆಲಕ್ಕೆ ಬಿದ್ದಿದೆ. ಈಗ ನಿಮಗೇ ರಕ್ತ ಏರಿಸೋ ಹಾಗಿದೆ, ನಿಮ್ಮಿಂದ ತೆಗೆಯೋದೆಲ್ಲಿ? ಆಗಲ್ಲ."

"ನಾನು ಬರ್ಕೊಡ್ತೀನಿ, ಸತ್ತರೂ ನನ್ನ ಜವಾಬ್ದಾರಿ ಅಂತ ಬರ್ಕೊಡ್ತೀನಿ. ತಗೋ ತಾಯಿ!"

"ಒಂದು ಗಂಟೆ ಮುಂಚೆ, ಸರಿಯಾಗಿ ಬಂದಿದ್ರೆ ತಗೋತಿದ್ದೆ." ಅವಳ ಕಣ್ಣಿನಲ್ಲೂ ನೀರಿತ್ತು. "ಹೀಗೆ ಹೊಡ್ದಿದ್ದು ಯಾರು?"

ಕೆಂಪು ಮಸಿ ಉತ್ತರಿಸಲು ಹೋಗಿ ಕಣ್ಣಿಗೆ ಕತ್ತಲೆ ಬಂದು ಅಲ್ಲೇ ಕುಸಿದ. ವೆಲ್ಡರ್ ತನ್ನ ಎರಡು ಕೈಗಳನ್ನೂ ನೋಡಿಕೊಂಡ. ಗೆಣ್ಣುಗಳ ಮೇಲೆ ಒಣಗುತ್ತಿದ್ದದ್ದು ತಮ್ಮನಿಗೆ ಬೇಕಾಗಿದ್ದ ರಕ್ತ. ಅಂಗಿಯ ತೋಳಿನ ಮೇಲೂ ಅದೇ. ಮುದ್ರಣಾಲಯದ ನೆಲದ ಮೇಲೆ, ಟೆಂಪೋದ ಸೀಟಿನ ಮೇಲೆ, ಎಲ್ಲ ಕಡೆ ಚೆಲ್ಲಿ ಬಂದಿದ್ದ. ಪ್ರಾಣಿಯಂತೆ ಅರಚಿದ. ಬಾಗಿಲ ಗಾಜಿಗೆ ತೂತುಬಿದ್ದ ಬಲಗೈಯಿಂದಲೇ ಗುದ್ದಿದ, ಗಾಜು ಒಡೆದ ಮೇಲೆ ಚೌಕಟ್ಟಿಗೆ ಗುದ್ದಿದ. ನಾಲ್ಕು ಜನ ಕಾವಲಿನವರು ಬಂದು ನೆಲಕ್ಕೆ ಕೆಡವಿ, ಬೆನ್ನ ಮೇಲೆ ಕೂತರು. ನೆಲಕ್ಕೆ ಕೆನ್ನೆ ಒತ್ತಿದ ಹಾಗೇ ಅವನು ತಮ್ಮನನ್ನು ಮನೆಯಲ್ಲಿ ಕರೆಯುತ್ತಿದ್ದಂತೆ "ಪುಟ್ಟಾ, ಪುಟ್ಟಾ" ಎನ್ನುತ್ತಿದ್ದ.

ಎರಡೂ ಹತ್ತಕ್ಕೆ ಡಾಕ್ಟರು ಬಂದು, ಹೋಗಿಬಿಟ್ಟರಪ್ಪಾ, ಎಂದರು.

ಎಷ್ಟೋ ಹೊತ್ತಿನ ಮೇಲೆ ಇಬ್ಬರೂ ಶವಾಗಾರದ ಹೊರಗಿನ ಬೆಂಚಿನಲ್ಲಿ ಕೂತಿದ್ದರು. ಒಬ್ಬನ ತಲೆಗೆ ಪಟ್ಟಿ, ಒಬ್ಬನ ಕೈಗೆ ಪಟ್ಟಿ. ಪೊಲೀಸಿನವನು ಬಂದು ಕೇಳಿದಾಗಲೂ ಕೆಂಪು ಮಸಿ ಮೆಟ್ಟಿಲಿನ ಕತೆಯನ್ನೇ ಹೇಳಿದ್ದ. ವೆಲ್ಡರ್ ಫೋನು ತೆಗೆದ. ಬೆರಳು ಬಗ್ಗಲಿಲ್ಲ. ಅದನ್ನು ಪಕ್ಕದವನ ತೊಡೆಯ ಮೇಲೆ ಹಾಕಿದ.

"ಬೀದಿಯವರಿಗೆ ಹೇಳ್ಬೇಕು. ನೀನೇ ಬರಿ. ನಿಂಗೆ ಚೆನ್ನಾಗಿ ಬರುತ್ತಲ್ಲ."

ಕೆಂಪು ಮಸಿ ತಲೆ ಎತ್ತದೆ, "ಹೇಳಪ್ಪಾ," ಎಂದ.

"ನನ್ ತಮ್ಮ ಹೋಗ್ಬಿಟ್ಟ. ಗೇಟು ಹಿಡ್ಕೊಂಡಿದ್ದೋನು ನಾನೇ, ಕೈ ಜಾರ್ತು. ನಾಳೆ ಅಂಗ್ಡಿ ತೆಗೆಯಲ್ಲ."

ಹೇಳಿದ್ದನ್ನು ಹೇಳಿದಂತೆಯೇ ಬರೆದ. ಒಂದು ಅಕ್ಷರ ಮುಟ್ಟಲಿಲ್ಲ. ಬರೆದು, ಮೇಲಿನಿಂದ ಕೆಳಗೆ ಒಮ್ಮೆ ಓದಿ, ಕಳಿಸಿದ. ಇಪ್ಪತ್ತಾರು ವರ್ಷದಲ್ಲಿ ಅವನು ಒಂದು ಮಾತನ್ನು ಪೂರ್ತಿಯಾಗಿ ಓದಿ ಅತ್ತದ್ದು ಅದೊಂದೇ ಸಲ.

ಒಂದು ನಿಮಿಷ ಆಗಿರಲಿಲ್ಲ, ಫೋನು ಟಿಣ್ ಎಂದಿತು. ಗುಮಾಸ್ತ ಬರೆದಿದ್ದ: 'ತೆಗೆಯಲ್ಲ ಅಲ್ಲ ಸ್ವಾಮಿ, ತೆರೆಯುವುದಿಲ್ಲ. ಕೆಂಪು ಮಸಿ ಸಾರ್ ಎಲ್ಲಿದ್ದೀರಿ? ಬನ್ನಿ, ಬಿಸಿಬಿಸಿ ಬಡಿಸಿದ್ದೇವೆ!' ಅವನು ಕಡೆಯ ಸಾಲಿನಲ್ಲೇ ನಿಂತುಬಿಟ್ಟಿದ್ದ.

ಕೆಂಪು ಮಸಿ ಫೋನನ್ನು ಮುಚ್ಚಿಡುವಷ್ಟರಲ್ಲಿ ವೆಲ್ಡರ್ ಕಿತ್ತುಕೊಂಡು ಓದಿದ. ನಿಧಾನವಾಗಿ, ತುಟಿ ಅಲ್ಲಾಡಿಸುತ್ತಾ, ಎರಡು ಸಲ ಓದಿದ. ಆಮೇಲೆ ಎದ್ದು ನಿಂತ.

"ಇವನ ಮನೆ ಎಲ್ಲಿ?"

ಕೆಂಪು ಮಸಿಗೆ ಮನೆ ಗೊತ್ತಿತ್ತು. ಗುಮಾಸ್ತನ ಹಳದಿ ಬಾಗಿಲು, ಅಂಗಳದ ಬೆತ್ತದ ಕುರ್ಚಿ, ಎಲ್ಲ ಕಣ್ಣಿಗೆ ಕಟ್ಟಿದವು. ಅವನೂ ಎದ್ದು ಎದುರಿಗೆ ನಿಂತ.

"ಹೊಡೆಯೋದಾದ್ರೆ ನನ್ನೇ ಹೊಡಿ. ಅವನಿಗೆ ಹಾಗೆ ಓದೋದು ಕಲ್ಸಿದ್ದು ನಾನು."

ಒಡೆದ ಮುಖವನ್ನು ಮುಂದೆ ಮಾಡಿದ. ವೆಲ್ಡರ್ ಬಲಗೈ ಎತ್ತಿ ಮುಷ್ಟಿ ಕಟ್ಟಲು ನೋಡಿದ. ಊದಿಕೊಂಡ ಬೆರಳುಗಳು ಅರ್ಧಕ್ಕೇ ನಿಂತವು. ಎಡಗೈಯಿಂದ ಅವನ್ನು ಒಂದೊಂದಾಗಿ ಮಡಚಲು ಹೋದ, ಆಗಲಿಲ್ಲ. ಕೆಂಪು ಮಸಿ ಕಣ್ಣು ಮುಚ್ಚಿಕೊಂಡು ಕಾಯುತ್ತಲೇ ಇದ್ದ.