ಮರಿತೆರೆ

ಗ್ರೀಸು ತಣ್ಣಗಿದೆ, ಬೆರಳಿಗೆ ಹತ್ತಿದ್ದು ಸೆರಗಿಗೂ ಹತ್ತಿತು, ಹತ್ತಲಿ, ಗ್ರೀಸಿಲ್ಲದೆ ಬಿರುಕು ಹುಡುಕುವ ಈ ಪ್ರೋಬಿನ ಸದ್ದು ಉಕ್ಕಿನೊಳಗೆ ಇಳಿಯುವುದೇ ಇಲ್ಲ, ನಡುವೆ ಕೂದಲೆಳೆಯಷ್ಟು ಗಾಳಿ ಇದ್ದರೂ ಹೊಸ್ತಿಲಿಂದಲೇ ವಾಪಸ್ಸು — ಕಿವಿಗೆ ಕೇಳದ ಸದ್ದು, ಒಳಗೆ ಎಲ್ಲಿ ತಡೆ ಸಿಕ್ಕಿತೋ ಅಲ್ಲಿಂದ ಮರಳಿ ಬಂದು ಲ್ಯಾಪ್‌ಟಾಪಿನ ಪರದೆಯ ಮೇಲೆ ಮೊನೆಯಾಗಿ ಏಳುತ್ತದೆ — ತೆಂಗಿನಗುಂಡಿ ಬಂದರಿನ ದಡಕ್ಕೆ ಎಳೆದಿಟ್ಟ ಬೋಟಿನ ಹಿಂದೆ ಕುಕ್ಕರುಗಾಲಲ್ಲಿ ಕೂತು ಪಂಖ ತಿರುಗಿಸುವ ಶಾಫ್ಟಿನ ತುದಿಗೆ ಪ್ರೋಬು ಒತ್ತಿದ್ದೇನೆ, ಕಾಲೇಜಿನ ಮೆಕ್ಯಾನಿಕಲ್ ಲೆಕ್ಚರರ್ ಶಾಂಭವಿ, ಮೊಣಕಾಲು ನೋಯುತ್ತಿದೆ, ಆದರೂ ಎಷ್ಟು ಹಿತ, ಪಾಠ ಹೇಳುವಾಗ ಎಂದೂ ಇಷ್ಟು ಹಿತವಾಗಿಲ್ಲ. ಅಕ್ಕೋರೆ, ಎಂತ ಕಾಣ್ತದೆ, ಬೋಟಿನ ಯಜಮಾನ ಬೊಮ್ಮಯ್ಯ ಮೂರನೇ ಸಲ ಕೇಳುತ್ತಾನೆ, ಮೇ ತಿಂಗಳಲ್ಲಿ ಬೋಟು ಯಾಕೋ ನಡುಗಿತಂತೆ, ಪರೀಕ್ಷೆ ಮಾಡಲು ಬಂದವ ಎಲ್ಲ ಚಲೋ ಅದೆ ಅಂದು ಹೋದನಂತೆ, ಇವನಿಗೆ ಮಾತ್ರ ಸಮಾಧಾನವಿಲ್ಲ, ಇನ್ನು ಮೂರು ದಿನಕ್ಕೆ ಆಗಸ್ಟು, ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಎಲ್ಲ ಬೋಟೂ ಕಡಲಿಗೆ. ಬಂದವನದು ತಪ್ಪೆನ್ನಲೂ ಆಗದು, ಪರದೆಯ ತುಂಬ ಹುಲ್ಲಿನ ಹಾಗೆ ಗೀಚು, ಈ ಉಕ್ಕಿನ ಒಂದೊಂದು ಹರಳೂ ಮಾರುತ್ತರ ಕೊಡುತ್ತದೆ, ಗದ್ದಲವೋ ಗದ್ದಲ.

ಈಗ ನನ್ನ ವೇವ್‌ಲೆಟ್ಟು, ಕನ್ನಡದಲ್ಲಿ ಕಿರುತೆರೆ ಎಂದರೆ ಟೀವಿಯಾಗಿಬಿಡುತ್ತದೆ, ಮರಿತೆರೆ ಎನ್ನೋಣ, ಎದ್ದು ಅಲ್ಲೇ ಅಡಗುವ ಪುಟ್ಟ ತೆರೆ, ಅದನ್ನು ಹಿಗ್ಗಿಸಿ ಕುಗ್ಗಿಸಿ ಗದ್ದಲದ ಉದ್ದಕ್ಕೂ ಹೊಂದಿಸಿ ನೋಡಿದರೆ ಯಾವ ಸದ್ದು ಎಲ್ಲಿಂದ ಬಂತೆಂದು ಗೊತ್ತಾಗುತ್ತದೆ — ನಾಲ್ಕು ವರ್ಷದ ಸಂಶೋಧನೆ, ಲ್ಯಾಪ್‌ಟಾಪು ಹೊತ್ತು ಬೋಟಿನ ಬೆನ್ನಿಗೆ ಎಂತಕ್ಕೆ ಹೋಗ್ತೆ ಮಾರಾಯ್ತಿ ಎಂದು ಸುಹಾಸ ಬೆಳಿಗ್ಗೆ ನಕ್ಕಿದ್ದ, ಗಂಡನಲ್ಲವೇ, ನಗಲಿ — ಕೀ ಒತ್ತಿದೆ, ಹುಲ್ಲು ಮಲಗಿತು, ಮಲಗದೆ ಉಳಿದದ್ದು ಎರಡೇ ಮೊನೆ. ಹದಿನಾರು ಸೆಂಟಿಮೀಟರಿಗೆ ಒಂದು, ಅದು ಪಂಖ ಜಾರದಂತೆ ಶಾಫ್ಟಿನಲ್ಲಿ ಕೊರೆದ ತೋಡಿನ ಅಂಚು, ಇರಲೇಬೇಕಾದದ್ದು. ಹದಿನೇಳಕ್ಕೆ ಇನ್ನೊಂದು. ಅಲ್ಲಿ ಏನೂ ಇರಬಾರದು. ಗ್ರೀಸು ಒರೆಸಿ ಮತ್ತೆ ಹಚ್ಚಿದೆ, ಮತ್ತೆ ಹದಿನೇಳು. ಹೇಳಿದರೆ ಪಂಖ ಬಿಚ್ಚಬೇಕು, ಮೊದಲ ದಿನದ ಮೀನು ತಪ್ಪುತ್ತದೆ, ನನ್ನ ಲೆಕ್ಕ ಸುಳ್ಳಾದರೆ ಇಡೀ ಬಂದರೇ ನಗುತ್ತದೆ, ಹೇಳದಿದ್ದರೆ — ಬೊಮ್ಮಯ್ಯ, ಒಳಗೆ ಬಿರುಕಿದೆ ಅನ್ನಿಸ್ತದೆ, ಎಂದೆ. ಅನ್ನಿಸ್ತದೋ, ಅದೆಯೋ, ಎಂದ ಅವನು. ಪಂಖ ಬಿಚ್ಚದೆ ಹೇಳೂಕೆ ಬರೂದಿಲ್ಲ, ಎಂದೆ. ಅವನು ಕಡಲು ನೋಡಿದ, ಬಲೆ ಹೊಲಿಯುತ್ತಿದ್ದ ಅವನ ಹೆಂಡತಿ ಬಂಗಾರಿ ಸೂಜಿ ನಿಲ್ಲಿಸಿದಳು, ಏಳು ಜನ ಹೋಗೂ ಬೋಟು, ಅದ್ರಲ್ಲಿ ನನ್ನ ತಮ್ಮನೂ ಅವ್ನೆ, ಎಂತ ಕಡಲು ನೋಡ್ತ್ರಿ, ಬಿಚ್ಚಿ, ಎಂದಳು.

ಬಿಚ್ಚಿದರು, ಸಂಜೆಯ ಬಿಸಿಲು ಇನ್ನೂ ಇತ್ತು, ಶಾಫ್ಟು ತೊಳೆದು ಕೆಂಪು ಬಣ್ಣ ಹಚ್ಚಿ ಕಾದೆ, ಬಿರುಕಿದ್ದರೆ ಬಣ್ಣ ಕುಡಿಯುತ್ತದೆ, ಒರೆಸಿದೆ, ಬಿಳಿ ಪುಡಿ ಸಿಂಪಡಿಸಿದೆ, ಕುಡಿದದ್ದನ್ನು ಪುಡಿ ಹೊರಗೆಳೆಯುತ್ತದೆ, ಬಿಳಿ, ಬರೀ ಬಿಳಿ, ಹಾಗಾದರೆ ನಾನು — ಹದಿನೇಳರಲ್ಲಿ ಒಂದು ಚುಕ್ಕೆ. ಬೊಮ್ಮಯ್ಯನ ಉಸಿರು ನನ್ನ ಹೆಗಲ ಮೇಲೆ, ಚುಕ್ಕೆ ಎಳೆಯಾಯಿತು, ಅಕ್ಕೋರೆ, ಎಂದವನು ಏಳು ಜನರ ಹೆಸರು ಒಂದೊಂದಾಗಿ ಹೇಳತೊಡಗಿದ, ಬಂಗಾರಿ ನನ್ನ ಗ್ರೀಸಿನ ಕೈ ಹಿಡಿದಳು, ಬಿಡಲಿಲ್ಲ, ಮನೆಗೆ ಹೋಗಬೇಕು, ಸುಹಾಸನಿಗೆ ಹೇಳಬೇಕು, ಏಳಲು ಮನಸ್ಸೇ ಇಲ್ಲ, ಬಿಳಿಯ ಮೇಲೆ ಕೆಂಪು ಗೆರೆ, ಕಣ್ಣು ಮುಚ್ಚಿದರೂ ಗೆರೆ, ಅರ್ಧ ಸುತ್ತು ಬಳಸಿ ನಿಂತ, ತೆಳ್ಳನೆಯ, ಕೆಂಪು ಗೆರೆ