ಉಗುರುಬೆಚ್ಚಗಿನ ನೀರು

ಕಾದ ನೀರು ಬಕೆಟ್ಟಿಗೆ ಬೀಳುವ ಸದ್ದೇ ಬೇರೆ, ದಪ್ಪಗೆ, ಮೆತ್ತಗೆ, ಇವತ್ತು ಬಚ್ಚಲಿನಿಂದ ಬರುವುದು ಹಾಗಿಲ್ಲ, ಇದು ತಣ್ಣೀರಿನ ಚುರುಕು ಸದ್ದು, ನಡುವೆ ಬಿಸಿಯದು ಒಂದು ಚರಗಿ ಬಿದ್ದಿರಬೇಕು, ಅಷ್ಟೇ — ಪಡಸಾಲೆಯ ಕಂಬಕ್ಕೆ ಒರಗಿದ ಸಿದ್ದಲಿಂಗವ್ವ ಕಣ್ಣು ಮುಚ್ಚಿಕೊಂಡೇ ಹೇಳಬಲ್ಲಳು, ಗುಡೂರಿನ ಈ ಓಣಿಯ ಅರ್ಧ ಕೂಸುಗಳಿಗೆ ನೀರು ಎರೆದ ಕೈ ಅವಳದು, ಮಣೆಯ ಮೇಲೆ ಕಾಲು ನೀಡಿ ಕೂತು, ಕೂಸನ್ನು ಕಾಲ ಮೇಲೆ ಬೋರಲು ಮಲಗಿಸಿ, ಎಣ್ಣೆ ತಿಕ್ಕಿ, ಹಂಡೆಯ ನೀರು ಮೈ ಕೆಂಪಾಗುವ ಹಾಗೆ — ಕೆಂಪಾಗದಿದ್ದರೆ ಅದೆಂಥ ಎರೆಯುವುದು, ಎಲುಬು ಗಟ್ಟಿಯಾಗುವುದು ಹೇಗೆ — ಪಕ್ಕದ ಮನೆಯ ಜೋಹರಾಳ ಮಗ ಲಾಡಸಾಬನಿಗೆ ಎರೆದವಳೂ ಅವಳೇ, ಈಗ ಅವನಿಗೆ ಮೀಸೆ ಬಂದಿದೆ, ಟಂಟಂ ರಿಕ್ಷಾ ಓಡಿಸುತ್ತಾನೆ, ಎದುರು ಸಿಕ್ಕಾಗೆಲ್ಲ ಆಯಿ, ನೀ ಸುಟ್ಟ ಬೆನ್ನ ಇನ್ನೂ ಉರೀತೈತಿ ನೋಡ, ಅದಕ್ಕ ನನಗ ಯಾರೂ ಹೆಣ್ಣ ಕೊಡವಲ್ರು ಅನ್ನುತ್ತಿದ್ದ, ಈಗ ಅನ್ನುವುದಿಲ್ಲ, ಆರಾಮ ಅದೀ ಏನ ಆಯಿ ಎಂದಷ್ಟೇ ಕೇಳಿ ಹೋಗುತ್ತಾನೆ, ಆ ತಮಾಷೆ ಯಾವತ್ತು ನಿಂತಿತೆಂದು ಅವಳಿಗೂ ಗೊತ್ತು, ಅವನಿಗೂ ಗೊತ್ತು.

ಮೊಮ್ಮಗಳು ಮಹೇಶ್ವರಿಗೆ ಆಗ ಆರು ತಿಂಗಳು, ಹಿಂದಿನ ದಿನ ಲಸಿಕೆಯ ಸೂಜಿ ಹಾಕಿಸಿಕೊಂಡು ಬಂದಿದ್ದರು, ಮೈ ಬೆಚ್ಚಗಿತ್ತು, ಅತ್ತಿ, ಇವತ್ತ ಬ್ಯಾಡ್ರಿ ಎಂದಳು ಸೊಸೆ ಭುವನೇಶ್ವರಿ, ಏ ಹುಚ್ಚಿ, ಬಿಸಿನೀರ ಬಿದ್ರ ಮೈ ಹಗೂರ ಆಗ್ತೈತಿ, ನಾ ಎಷ್ಟ ಕೂಸ ಕಂಡಿಲ್ಲ — ಮೊದಲ ಚರಗಿಗೆ ಕೂಸು ಅತ್ತಿತು, ಆಮೇಲಿನದಕ್ಕೆ ಸುಮ್ಮನಾಯಿತು, ಸುಖ ಹತ್ತಿತು ಎಂದುಕೊಂಡಳು, ಎಡಗೈ ಮುಷ್ಟಿಯಾಗಿತ್ತು, ಹೆಬ್ಬೆರಳು ಒಳಗೆ, ಆಮೇಲೆ ಎಡಗಾಲು ಜಗ್ಗತೊಡಗಿತು, ಎಡಗೆನ್ನೆ, ಕಣ್ಣೆರಡೂ ಒಂದೇ ಕಡೆ ತಿರುಗಿ ನಿಂತವು, ಯಾರೋ ಬೀಗದ ಕೈ ತಂದು ಕಬ್ಬಿಣ ಹಿಡಿಸ್ರಿ, ಕಬ್ಬಿಣ ಹಿಡಿಸ್ರಿ ಎಂದರು, ಹಿಡಿಸಲು ಮುಷ್ಟಿ ಬಿಚ್ಚಬೇಕಲ್ಲ, ಅವರೆಕಾಳಿನಷ್ಟು ಹೆಬ್ಬೆರಳು, ಅದನ್ನು ಹೊರಗೆ ತೆಗೆಯಲಾಗಲಿಲ್ಲ, ಇಂಥ ಗಟ್ಟಿ ಕೈಗೆ ಅಷ್ಟು ಸಣ್ಣದನ್ನು ಹೊರಗೆ ತೆಗೆಯಲಾಗಲಿಲ್ಲ, ಇಳಕಲ್ಲಿನ ದವಾಖಾನೆಯಲ್ಲಿ ಇಂಜೆಕ್ಷನ್ ಕೊಟ್ಟ ಮೇಲೆ ಅದು ತಾನೇ ಸಡಿಲಾಯಿತು, ಕುದಿ ನೀರ ಹಾಕಿ ನನ್ನ ಕೂಸಿಗೆ ಹಿಂಗ ಮಾಡಿದ್ರಿ ಎಂದು ಭುವನೇಶ್ವರಿ ಎಲ್ಲರೆದುರು ಕಿರುಚಿದಳು, ಮಗ ಸಂಗಮೇಶ ಗೋಡೆ ನೋಡುತ್ತ ನಿಂತಿದ್ದ.

ಬಾಗಲಕೋಟೆಯ ಡಾಕ್ಟರರೂ ಅದನ್ನೇ ಅಂದರು, ಬಿಸಿನೀರಿನ ಮೂರ್ಛೆ, ನಮ್ಮ ಕಡೆ ಭಾಳ ಮಂದಿಗೆ ಐತಿ, ಗುಳಿಗಿ ತಗೊಂಡ್ರ ಕಡಿಮಿ ಆಗ್ತೈತಿ — ಆಗಲಿಲ್ಲ, ಹೆಚ್ಚಾಯಿತು, ಜ್ವರಕ್ಕೆ ಬಂತು, ಬಿಸಿಲಿಗೆ ಬಂತು, ಕೊನೆಗೆ ಏನೂ ಇಲ್ಲದೆಯೂ ಬಂತು, ನೀರೇ ಸೋಕದ ದಿನವೂ ಬಂತು, ಆದರೆ ಮನೆಯಲ್ಲಿ ಉಳಿದದ್ದು ನೀರು ಎಂಬ ಮಾತೊಂದೇ, ಮುಟ್ಟಬ್ಯಾಡ್ರಿ ಎಂದು ಯಾರೂ ಅನ್ನಲಿಲ್ಲ, ಖರೆ, ಅವಳು ಟವೆಲ್ ಹಿಡಿದು ಎದ್ದರೆ ಟವೆಲ್ ಅವಳ ಕೈಯಿಂದ ಮೆಲ್ಲಗೆ ಹೋಗುತ್ತಿತ್ತು, ಕೂಸಿನ ಮೈಯನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದರು, ಬಚ್ಚಲಿನ ಕದ ಹಾಕಿಕೊಂಡು, ಒಂದೇ ಮನೆ, ಒಂದೇ ಒಲೆ, ಇದೇ ಕಂಬಕ್ಕೆ ಒರಗಿ ಅವಳು ಮೊಮ್ಮಗಳು ತಡವಾಗಿ ನಡೆಯಲು ಕಲಿತದ್ದನ್ನು ಕಂಡಳು, ತೂರಾಡುತ್ತ, ಬೀಳುತ್ತ, ಎದ್ದು ಹಿಡಿಯಲು ಹೋಗಿ ಕೂತಳು, ಕೂಸಿನ ಕೈ ಗೋಡೆ ಹಿಡಿದಾಗ ಹೆಬ್ಬೆರಳು ಎಲ್ಲಿದೆ ಎಂದಷ್ಟೇ ದೂರದಿಂದ ನೋಡಿದಳು, ಓಣಿಯವರೂ ಕೂಸು ತರುವುದನ್ನು ಬಿಟ್ಟರು, ಜೋಹರಾಳ ಮಗಳ ಮಗನಿಗೆ ಬೇರೆ ಯಾರೋ ಎರೆದರು, ನಡುವೆ ಒಂದೇ ಗೋಡೆ, ಕೂಸು ಅಳುವ ದನಿಯಲ್ಲೇ ನೀರು ಸಾಲದೆಂದು ಗೊತ್ತಾಯಿತು, ಹೇಳುವುದು ಯಾರಿಗೆ.

ಮೊನ್ನೆ ಹುಬ್ಬಳ್ಳಿಯ ಹೊಸ ಡಾಕ್ಟರಮ್ಮನಿಂದ ಮೊಮ್ಮಗಳ ರಕ್ತದ ಪರೀಕ್ಷೆಯ ಫಲ ತಿಳಿದುಕೊಂಡು ಬಂದ ಭುವನೇಶ್ವರಿ ಚಪ್ಪಲಿ ಬಿಟ್ಟವಳೇ ಎದುರಿಗೆ ನೆಲದ ಮೇಲೆ ಕೂತಳು, ಡ್ರಾವೆ ಅಂತ್ರಿ ಅತ್ತಿ ಈ ಜಡ್ಡಿನ ಹೆಸರ, ಬಸಿರಾಗಿನ ಬಂದದ್ದಂತ, ನಿಮ್ಮ ಮನಿತನದಿಂದೂ ಅಲ್ಲ, ನಮ್ಮ ಮನಿತನದಿಂದೂ ಅಲ್ಲ, ಆಕಿ ಒಬ್ಬಾಕಿಗೇ ಬಂದದ್ದ, ಬಿಸಿ ಆದ್ರ, ಜ್ವರ ಬಂದ್ರ ಏಳ್ತೈತಿ, ನೀರ ಇದನ್ನ ಹುಟ್ಟಸಲಿಲ್ಲ ಅಂದ್ರು ಡಾಕ್ಟರಮ್ಮ, ಅವತ್ತ ನೀವ ಎರೀದಿದ್ರೂ ಇನ್ನೊಂದ ದಿನ ಬರೂದ ಇತ್ತಂತ — ಮತ್ತ ಆ ಮೊದಲಿನ ಗುಳಿಗಿ, ಅದು ಬ್ಯಾರೆ ಮಂದಿಗೆ ಛಲೋನ ಅಂತ್ರಿ, ಈ ಜಡ್ಡಿಗೆ ಮಾತ್ರ ಆಗಂಗಿಲ್ಲಂತ, ಹೆಚ್ಚ ಮಾಡ್ತೈತಂತ, ನಾನ ಅತ್ತಿ, ದಿನಾ ಎರಡ ಹೊತ್ತ, ಒಂದ ದಿನಾನೂ ತಪ್ಪಸಲಿಲ್ಲ — ಅಳಲಿಲ್ಲ ಹುಡುಗಿ, ಕೈಗಳನ್ನು ಮಡಿಲಲ್ಲಿ ಅಂಗಾತ ಇಟ್ಟುಕೊಂಡು ಕೂತಿದ್ದಳು, ಆ ಕೈ ನೋಡಿ ಸಿದ್ದಲಿಂಗವ್ವನಿಗೆ ಹಗುರಾಗಲಿಲ್ಲ, ತನ್ನ ಕೈಯದು ತಪ್ಪಲ್ಲವಂತೆ, ಹಗುರಾಗಬೇಕಿತ್ತು, ಆಗಲಿಲ್ಲ, ಇನ್ನೊಂದು ಜೋಡಿ ಕೈ ಸೇರಿತು, ಅಷ್ಟೇ, ಚಾ ಕುಡೀತೀ ಏನ ಎಂದು ಕೇಳಿದಳು. ಫಲ ಗೊತ್ತಾಗುವ ಮೊದಲೇ ಡಾಕ್ಟರಮ್ಮ ಗುಳಿಗೆ ಬದಲಿಸಿದ್ದರು, ಈಗ ಮೂರ್ಛೆ ಕಡಿಮೆ, ಪೂರಾ ನಿಂತಿಲ್ಲ, ಪೂರಾ ನಿಲ್ಲುತ್ತದೆಂದು ಅವರೂ ಅಂದಿಲ್ಲ — ಹಾಗಾದರೆ ಇವತ್ತೂ ಬರಬಹುದು, ಈ ಕೈಯಲ್ಲೇ ಬರಬಹುದು, ನೀರು ಹೇಗೇ ಇರಲಿ.

ಅತ್ತಿ, ಬರ್ರಿ, ನೀವ ಎರೀರಿ, ಬಚ್ಚಲಿನಿಂದ ದನಿ, ನನಗ ಕೆಲಸ ಐತಿ ಅನ್ನುವಷ್ಟರಲ್ಲಿ ಏನ ಕೆಲಸ, ಕಂಬ ಬೀಳ್ತೈತೇನ ನೀವ ಎದ್ರ — ಏಳಬೇಕಾಯಿತು. ಮೊಣಕೈ ಅದ್ದಿ ನೋಡಿದಳು, ಇದ ನೀರೇನವ್ವಾ, ಮಜ್ಜಿಗಿ ಇದ್ದಂಗ ಐತಿ, ಮಜ್ಜಿಗಿನ ಎರೀರಿ ಎಂದು ಭುವನೇಶ್ವರಿ ನಕ್ಕಳು, ಎಷ್ಟು ದಿನವಾಗಿತ್ತು, ಮೂರ್ಛೆ ಬಂದ್ರ ಮೂಗಿಗೆ ಹೊಡಿಯೂ ಔಷಧ ಗೂಡಿನ್ಯಾಗ ಐತ್ರಿ, ನಾ ಇಲ್ಲೇ ನಿಂದರ್ತೇನಿ, ಕದ ತೆರೆದೇ ಇದೆ, ನಾಲ್ಕು ವರ್ಷದ ಹುಡುಗಿ ಕಾಲ ಮೇಲೆ ಹಿಡಿಸುವುದಿಲ್ಲ, ಆದರೂ ತಾನೇ ಬಂದು ಅಡ್ಡ ಕೂತಿತು, ತೂಕ, ಬೆಚ್ಚನೆಯ ತೂಕ, ಆಯಿ, ಹಾಕ, ಎಂದಿತು, ತನಗೆ ಬರುವ ನಾಲ್ಕೈದು ಮಾತುಗಳಲ್ಲಿ ಎರಡನ್ನು ಇವಳಿಗೆ ಕೊಟ್ಟಿತು, ಚರಗಿ ಎತ್ತಿದಳು, ಅರ್ಧ ಮಣೆಗೆ ಚೆಲ್ಲಿತು, ಉಳಿದರ್ಧ ಬೆನ್ನ ಮೇಲೆ, ಮೈ ಕೆಂಪಾಗಲಿಲ್ಲ, ಆಗಬಾರದು, ಕೂಸು ಸುಮ್ಮನಾಯಿತು, ಅವತ್ತೂ ಹೀಗೇ ಸುಮ್ಮನಾಗಿತ್ತು, ಭುವನಾ, ಏನ್ರಿ, ಏನಿಲ್ಲ, ಎಡಗೈ ಇವಳ ಮೊಣಕಾಲ ಮೇಲಿದೆ, ನೀರು ಇಳಿಯುತ್ತಿದೆ, ನಾಲ್ಕು ಬೆರಳು ಕಾಣುತ್ತಿವೆ, ಹೆಬ್ಬೆರಳು — ಹೊರಗಿದೆ — ಇನ್ನೊಂದು ಚರಗಿ — ಹೆಬ್ಬೆರಳು ಹೊರಗಿದೆ — ಹೆಬ್ಬೆರಳು —